ಸೆನ್ಸರಿನ ತುದಿಯ ಬಿಳಿ ಬೂದಿ

ಇಂಜಿನ್ ತಣ್ಣಗಿರುವವರೆಗೆ ನಮ್ಮ ಕಾರಿನದು ಯಾವ ತಕರಾರೂ ಇರಲಿಲ್ಲ. ಶಿರಗುಪ್ಪಿಯ ಮನೆಯಂಗಳದಲ್ಲಿ ಬೆಳಗಿನ ಐದೂಮುಕ್ಕಾಲಿಗೆ ಚಾವಿ ತಿರುವಿದರೆ ಮೊದಲ ಸಲಕ್ಕೇ ಚಾಲೂ ಆಗುತ್ತಿತ್ತು. ಇಪ್ಪತ್ತು ವರ್ಷದ ಹಳೆಯ ಗಾಡಿ ಎಂದು ಸದ್ದು ಕೇಳಿದವರು ಹೇಳುವಂತಿರಲಿಲ್ಲ. ಕಾಯಿಲೆ ಶುರುವಾಗುತ್ತಿದ್ದುದು ಬಿಸಿಯಾದ ಮೇಲೆ. ಮಾಂಜರಿ ದಾಟಿ ಕೃಷ್ಣಾ ನದಿಯ ಸೇತುವೆ ಹತ್ತಿರವಾಗುವ ಹೊತ್ತಿಗೆ ಆಕ್ಸಲರೇಟರಿನಿಂದ ಕಾಲು ತೆಗೆದರೆ ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ಇಳಿಯುತ್ತಿತ್ತು, ತಾನಾಗಿ ಏರುತ್ತಿತ್ತು, ಮತ್ತೆ ಮೊದಲಿಗಿಂತ ಕೆಳಗೆ ಇಳಿಯುತ್ತಿತ್ತು. ಮೂರನೆಯ ಸಲಕ್ಕೆ ಇಡೀ ಗಾಡಿ ಒಮ್ಮೆ ನಡುಗಿ ಬಂದ್ ಬೀಳುತ್ತಿತ್ತು. ಸೇತುವೆಯ ಆಚೆ ಅಂಕಲಿ, ಅಲ್ಲಿಂದ ಮುಂದೆ ಚಿಕ್ಕೋಡಿ. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಏಳು ಗಂಟೆಗೆ ಅಣ್ಣನ ಡಯಾಲಿಸಿಸ್.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಊರಲ್ಲಿ ಕಬ್ಬು, ದ್ರಾಕ್ಷಿ ಎರಡನ್ನೂ ನೋಡಿಕೊಳ್ಳುವವನು ಅವನೇ. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಕಾಗವಾಡದ ಕಾಲೇಜೊಂದರಲ್ಲಿ ಕಲಿಸುತ್ತ, ಅದೇ ಮನೆಯಲ್ಲಿ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಇವರ ಜೊತೆಗಿದ್ದೇನೆ. ಅವನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ಮೇಲೆ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಅವನನ್ನು ಕರೆದೊಯ್ಯುವುದು ನನ್ನ ಕೆಲಸವಾಯಿತು. ಮೀರಜ್ ನಮಗೆ ಹತ್ತಿರ. ಆದರೆ ಅಲ್ಲಿ ಸರದಿ ಸಿಗಲಿಲ್ಲ, ಚಿಕ್ಕೋಡಿಯಲ್ಲಿ ಸಿಕ್ಕಿತು. ಬಾಡಿಗೆ ಗಾಡಿಯವನೊಬ್ಬ ಎರಡು ವಾರ ಬಂದ. ಮೂರನೆಯ ವಾರ ಮದುವೆಯ ಬಾಡಿಗೆ ಸಿಕ್ಕಿತೆಂದು ಫೋನು ತೆಗೆಯಲಿಲ್ಲ. ಅಂದಿನಿಂದ ಅಣ್ಣ ನಮ್ಮ ಕಾರು ಬಿಟ್ಟು ಬೇರೆ ಯಾವುದನ್ನೂ ನಂಬಲಿಲ್ಲ.

ಆಸ್ಪತ್ರೆಯ ನಿಯಮ ಸರಳ. ಏಳಕ್ಕೆ ಮಷೀನಿನ ಪಕ್ಕ ಮಲಗಿರಬೇಕು. ಅರ್ಧ ಗಂಟೆ ಕಾಯುತ್ತಾರೆ. ಆಮೇಲೆ ಆ ಮಷೀನು ಹೊರಗೆ ಕೂತ ಇನ್ನೊಬ್ಬರಿಗೆ. ತಪ್ಪಿದವನು ಮುಂದಿನ ಸರದಿಯವರೆಗೆ ಮೈಯಲ್ಲಿನ ನೀರು ಹೊತ್ತುಕೊಂಡು ಕಾಯಬೇಕು. ಶುಕ್ರವಾರದಿಂದ ಮಂಗಳವಾರಕ್ಕೆ ಅಂತರ ದೊಡ್ಡದು. ಸೋಮವಾರ ಸಂಜೆಯ ಹೊತ್ತಿಗೆ ಅಣ್ಣನ ಪಾದದ ಮೇಲೆ ಬೆರಳೊತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು.

ಹೋದ ಕಬ್ಬಿನ ಹಂಗಾಮಿನಲ್ಲಿ ಕಾರು ಮೊದಲ ಸಲ ಹೀಗೆ ಮಾಡಿದಾಗ ಊರಲ್ಲಿ ಎಲ್ಲರ ಬಳಿಯೂ ಕಾರಣ ಸಿದ್ಧವಿತ್ತು. "ಪೆಟ್ರೋಲಿನ್ಯಾಗ ನಮ್ಮ ಕಬ್ಬಿನ ಸ್ಪಿರಿಟ್ ಹಾಕ್ತಾರಲ್ಲ, ಹಳೇ ಗಾಡಿಗೆ ನಿಶಾ ಏರತೈತಿ" ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು. ನಾನು ನಂಬಲಿಲ್ಲ. ಹತ್ತು ಜನ ಒಂದೇ ಮಾತು ಹೇಳಿದರೆ ಅದನ್ನು ಮೊದಲು ಹೇಳಿದವನು ಒಬ್ಬನೇ ಇರುತ್ತಾನೆ ಎಂದು ತರಗತಿಯಲ್ಲಿ ಹೇಳಿ ಹೇಳಿ ಅದು ನನ್ನ ಸ್ವಭಾವವೇ ಆಗಿಬಿಟ್ಟಿದೆ. ಯಾರು ಏನೇ ಹೇಳಿದರೂ "ಅದು ನಿಮಗೆ ಹೇಗೆ ಗೊತ್ತು?" ಎಂದು ಕೇಳದೆ ನನಗೆ ನಿಲ್ಲಲಾಗುವುದಿಲ್ಲ. ಆ ಪ್ರಶ್ನೆಯನ್ನು ನನಗೇ ಕೇಳಿಕೊಂಡದ್ದು ಕಡಿಮೆ.

ಅಣ್ಣ ಒಳಗೆ ಮಲಗಿದ ನಾಲ್ಕು ಗಂಟೆಯಲ್ಲಿ ನಾನು ಕಾರನ್ನು ಚಿಕ್ಕೋಡಿಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಮೇಸ್ತ್ರಿಗೆ ಐವತ್ತು ದಾಟಿದೆ. ನಿಪ್ಪಾಣಿಯಲ್ಲಿ ತಂಬಾಕಿನ ಲಾರಿಗಳ ಮೇಲೆ ಕೆಲಸ ಕಲಿತವರು. ಸ್ಕ್ಯಾನರು ಹಚ್ಚುವ ಮೊದಲು ಅವರು ಇಂಜಿನ್ನಿನ ಮೇಲೆ ಅಂಗೈಯಿಟ್ಟು, ವೈದ್ಯರು ನಾಡಿ ನೋಡುವ ಹಾಗೆ ಬೇರೆ ಕಡೆ ನೋಡುತ್ತ ನಿಲ್ಲುತ್ತಾರೆ. ಅವರದು ಇನ್ನೊಂದು ಪದ್ಧತಿ: ಗಾಡಿಯಿಂದ ಬಿಚ್ಚಿದ ಹಳೆಯ ಸಾಮಾನನ್ನು ಹಳೇ ಪೇಪರಿನಲ್ಲಿ ಸುತ್ತಿ ಮಾಲಕನ ಕೈಗೇ ಕೊಡುತ್ತಾರೆ. "ಹೊಸಾದು ಹಾಕೀನಿ ಅಂತ ಬರೇ ಬಾಯಿಲೆ ಹೇಳಬಾರದ್ರಿ ಸರ್ರ. ಹಳೇದು ನಿಮ್ಮ ಕೈಯಾಗ ಇರಬೇಕು."

ಅವರು ಬಿಚ್ಚಿದ್ದು ಆಕ್ಸಿಜನ್ ಸೆನ್ಸರು. ಹೆಬ್ಬೆರಳಿನಷ್ಟು ದಪ್ಪ, ಸೈಲೆನ್ಸರಿನ ಕೊಳವೆಗೆ ತಿರುಪಿನಿಂದ ಕೂತಿರುತ್ತದೆ. ಇಂಜಿನ್ನಿನಿಂದ ಬರುವ ಹೊಗೆಯಲ್ಲಿ ಸುಡದೆ ಉಳಿದ ಆಮ್ಲಜನಕ ಎಷ್ಟಿದೆ ಎಂದು ನೋಡಿ ಕಾರಿನ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಅದು ಹೇಳಿದಂತೆ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇಂಜಿನ್ ತಣ್ಣಗಿರುವಾಗ ಕಂಪ್ಯೂಟರು ಅದನ್ನು ಕೇಳುವುದೇ ಇಲ್ಲ, ತನ್ನ ಅಂದಾಜಿನಲ್ಲಿ ನಡೆಸುತ್ತದೆ. ಬಿಸಿಯಾದ ಮೇಲೆ ಅದರ ಮಾತನ್ನೇ ನಂಬುತ್ತದೆ. ಆಗ ಸೆನ್ಸರು ತಪ್ಪು ಹೇಳಿದರೆ ಪೆಟ್ರೋಲು ತಪ್ಪುತ್ತದೆ. ವೇಗವಾಗಿ ಹೋಗುವಾಗ ಗೊತ್ತಾಗುವುದಿಲ್ಲ; ನಿಂತಾಗ ಗೊತ್ತಾಗುತ್ತದೆ.

ನಿಪ್ಪಾಣಿಯಿಂದ ಹೊಸ ಸೆನ್ಸರು ತರಿಸಿ ಹಾಕಿದರು. ಇಂಜಿನ್ನಿನ ಮೇಲಿನ ಮುಚ್ಚಳ, ಟ್ಯಾಪೆಟ್ ಕವರಿನಿಂದ ಎಣ್ಣೆ ಜಿನುಗುತ್ತಿತ್ತೆಂದು ಅದನ್ನೂ ಬಿಚ್ಚಿ, ಸೋರದಂತೆ ಪೇಸ್ಟು ಹಚ್ಚಿ ಕೂರಿಸಿದರು. ಹಳೆಯ ಸೆನ್ಸರಿನ ಪೊಟ್ಟಣವನ್ನು ನನ್ನ ಕೈಗಿಟ್ಟರು. ನಾನು ಬಿಚ್ಚಿ ನೋಡದೆ ಕಾರಿನ ಡ್ಯಾಶ್‌ಬೋರ್ಡಿನ ಖಾನೆಗೆ ಎಸೆದೆ. ಮೂರು ವಾರ ಮುಳ್ಳು ಮೊಳೆ ಹೊಡೆದ ಹಾಗೆ ನಿಂತಿತು. ನಾಲ್ಕನೆಯ ವಾರ ಸೇತುವೆಯ ಬಳಿ ಮತ್ತೆ ಅಲುಗಿತು.

ಈ ಸಲ ಮೇಸ್ತ್ರಿ, ಹಿಂದಿನ ಸಲ ಮಾಡದ ಹಾಗೆ, ಹೊಸ ಸೆನ್ಸರನ್ನು ಬಿಚ್ಚಿ ಬೆಳಕಿಗೆ ಹಿಡಿದರು. ತುದಿಯ ಮೇಲೆ ಸಣ್ಣಗೆ, ವಿಭೂತಿ ಸವರಿದ ಹಾಗೆ ಬಿಳಿ ಬೂದಿ. "ಕರ್ರಗ ಮಸಿ ಕೂತಿದ್ರ ತಿಳೀತೈತಿ. ಇದ್ಯಾಕ ಬೆಳ್ಳಗ?" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಉಜ್ಜಿ ಹಾಕಿ ಕಳಿಸಿದರು. ನಾನು ಮನೆಗೆ ಬಂದು ಓದಲು ಕೂತೆ. ಒಂದು ಗಂಟೆಯಲ್ಲಿ ಸಿಕ್ಕಿತು: ಬಿಳಿ ಬೂದಿ ಎಂದರೆ ಸಿಲಿಕಾನ್. ಎಲ್ಲಿಂದಾದರೂ ಸಿಲಿಕಾನ್ ಇಂಜಿನ್ನಿನೊಳಗೆ ಹೋಗಿ ಸುಟ್ಟರೆ ಅದು ಸೆನ್ಸರಿನ ತುದಿಯನ್ನು ಮುಚ್ಚುತ್ತದೆ. ಜೋಡಣೆಗೆ ಹಚ್ಚುವ ಕೆಲವು ಪೇಸ್ಟುಗಳಲ್ಲಿ ಸಿಲಿಕಾನ್ ಇರುತ್ತದೆ. ಎದೆ ಹಗುರಾಯಿತು. ಕಳ್ಳ ಸಿಕ್ಕ.

ಮುಂದಿನ ಸಲ ಗ್ಯಾರೇಜಿನಲ್ಲಿ ಪಕ್ಕದ ಚಹಾದಂಗಡಿಯವನೂ ಒಬ್ಬ ರಿಕ್ಷಾದವನೂ ಕೂತಿದ್ದರು. ಅವರ ಎದುರಿಗೇ ಕೇಳಿದೆ.

"ಮೇಸ್ತ್ರಿ, ಟ್ಯಾಪೆಟ್ ಕವರಿಗೆ ಯಾವ ಪೇಸ್ಟ್ ಹಚ್ಚಿದ್ರಿ?"

"ಯಾವಾಗ್ಲೂ ಹಚ್ಚೂದ ಐತ್ರಿ. ಯಾಕ?"

"ಅದರಾಗ ಸಿಲಿಕಾನ್ ಐತಿ. ಹೊಸಾ ಸೆನ್ಸರ್ ಸತ್ತಿದ್ದು ಅದರಿಂದನ. ಕೊಂದಾವ್ರು ನೀವ."

ಅವರು ಕೈ ಒರೆಸುತ್ತಿದ್ದವರು ನಿಲ್ಲಿಸಿದರು. "ಮೂವತ್ತ ವರ್ಷ ಆತ್ರಿ ಸರ್ರ, ಪೇಸ್ಟ್ ಹಚ್ಚಾಕತ್ತು."

"ಮೂವತ್ತ ವರ್ಷದ ಹಿಂದ ಗಾಡ್ಯಾಗ ಸೆನ್ಸರ್ ಎಲ್ಲಿ ಇದ್ದೂರಿ?"

ರಿಕ್ಷಾದವನು ಜೋರಾಗಿ ನಕ್ಕ. "ಹೊಡದ್ರು ನೋಡ್ರಿ ಮಾಸ್ತರ್ರು ಸಿಕ್ಸರ್!" ಆ ನಗೆಯಿಂದ ನನಗೆ ಖುಷಿಯಾಯಿತು. ಇದು ಮಾತ್ರ ನನಗೆ ಸರಿಯಾಗಿ ನೆನಪಿದೆ ಎಂದು ಆಣೆ ಮಾಡಿ ಹೇಳಬಲ್ಲೆ.

ಮೇಸ್ತ್ರಿ ನಗಲಿಲ್ಲ. "ಪೆಟ್ರೋಲಿನ್ಯಾಗ ಏನರ ಬೆರತೈತೇನ್ರಿ? ಎಲ್ಲಿ ಹಾಕಸ್ತೀರಿ?"

"ಪಂಪ್ ಬಿಟ್ಟು ಬ್ಯಾರೆ ಎಲ್ಲೂ ಇಲ್ಲ."

"ಖರೇ?"

"ನನಗ ಚಲೋ ನೆನಪೈತಿ."

ಅವರು ಬಾನೆಟ್ ಮುಚ್ಚಿ, ಅದರ ಮೇಲೆ ಬಿದ್ದ ತಮ್ಮ ಬೆರಳಿನ ಗುರುತನ್ನು ಬಟ್ಟೆಯಿಂದ ಒರೆಸಿ, ಚಾವಿ ಕೊಟ್ಟರು. "ಬ್ಯಾರೆ ಗ್ಯಾರೇಜ್ ನೋಡ್ರಿ ಸರ್ರ. ನನ್ನ ಕೈಲೆ ಇದು ಆಗೂದಿಲ್ಲ."

ನೋಡಿದೆ. ರಾಯಬಾಗದಲ್ಲಿ ಒಬ್ಬರು ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದರು. ಅಥಣಿಯಲ್ಲಿ ಇನ್ನೊಬ್ಬರು ಕಂಪ್ಯೂಟರೇ ಹೋಗಿದೆ, ಹಳೇ ಗಾಡಿ ಕೆಡಹುವವರ ಬಳಿ ಹುಡುಕಬೇಕು ಎಂದರು. ಕಾರು ಹಾಗೇ ಇತ್ತು. ನಾನು ಎಡಗಾಲನ್ನು ಕ್ಲಚ್ಚಿನ ಮೇಲೂ ಬಲಗಾಲಿನ ಹಿಮ್ಮಡಿಯನ್ನು ಬ್ರೇಕಿನ ಮೇಲೂ ಬೆರಳುಗಳನ್ನು ಆಕ್ಸಲರೇಟರಿನ ಮೇಲೂ ಇಟ್ಟು ಓಡಿಸುವುದನ್ನು ಕಲಿತೆ. ನಿಲ್ಲಬೇಕಾದಲ್ಲೆಲ್ಲ ರೇಸು ಕೊಡುತ್ತಲೇ ಇರಬೇಕು. ಅಣ್ಣ ಪಕ್ಕದಲ್ಲಿ ಕೂತು, "ನೀ ಗಾಡಿ ಹೊಡ್ಯಾಕತ್ತೀಯೋ, ಹಾರ್ಮೋನಿಯಂ ಬಾರಸಾಕತ್ತೀಯೋ?" ಎನ್ನುತ್ತಿದ್ದ.

ಆ ಮಂಗಳವಾರ ಅವನು ಅಂಥ ಮಾತು ಆಡಲಿಲ್ಲ. ಹಿಂದಿನ ರಾತ್ರಿ ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಗೋಡೆಗೆ ಒರಗಿ ಕೂತೇ ಕಳೆದಿದ್ದ. ಕಾರು ಹತ್ತುವಾಗ ಚಪ್ಪಲಿ ಪಾದಕ್ಕೆ ಹಿಡಿಸಲಿಲ್ಲ. ವೈನಿ ಅದನ್ನು ಕೈಯಲ್ಲಿ ಹಿಡಿದು ತಂದು ಅವನ ಕಾಲ ಬಳಿ ಇಟ್ಟಳು. "ಇವತ್ತ ತಡಾ ಮಾಡಬ್ಯಾಡ್ರಿ" ಎಂದಳು ನನಗೆ. ಅವಳು ಬೇರೆ ದಿನ ಹಾಗೆ ಹೇಳಿದವಳಲ್ಲ.

ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಒಂದೊಂದಕ್ಕೂ ಎರಡೆರಡು ಟ್ರೇಲರು. ಮುಂದೆ ಯಾವುದರದೋ ಟಾಯರು ಹೋಗಿತ್ತು. ನಾನು ರೇಸು ಕೊಡುತ್ತಲೇ ನಿಂತೆ. ಮುಳ್ಳು ಇಳಿಯಿತು, ಒತ್ತಿದೆ, ಏರಿತು, ಮತ್ತೆ ಇಳಿಯಿತು. ಸಾಲು ಜರುಗಿತು. ಗೇರು ಹಾಕಲು ಕಾಲು ಸಡಿಲಿಸಿದ ಆ ಒಂದು ಕ್ಷಣದಲ್ಲಿ ಇಂಜಿನ್ ಸತ್ತಿತು. ಚಾವಿ ತಿರುವಿದೆ. ಕೆಮ್ಮಿತು, ಹೊತ್ತಲಿಲ್ಲ. ಮತ್ತೆ ತಿರುವಿದೆ. ಪೆಟ್ರೋಲಿನ ವಾಸನೆ ಒಳಗೆಲ್ಲ ತುಂಬಿತು. ಅಣ್ಣ ಗಾಜು ಇಳಿಸಿ ಮುಖ ಹೊರಗೆ ಹಾಕಿದ.

ಹಿಂದಿನ ಟ್ರ್ಯಾಕ್ಟರಿನವನು ತಾನು ಹಚ್ಚಿದ್ದ ಹಾಡಿನ ಸದ್ದನ್ನು ಮೀರಿ ಕೂಗಿದ. "ಓ ಸಾಹೇಬ್ರ, ಹೊಳಿ ಫೋಟೋ ಹೊಡ್ಯಾಕ ನಿಂತೀರೇನ?"

"ಬಂದ್ ಬಿದ್ದೈತ್ರಿ. ದವಾಖಾನಿಗೆ ಹೊಂಟೇವಿ."

ಅವನು ಅಣ್ಣನ ಮುಖ ನೋಡಿದ. ಹಾಡು ನಿಲ್ಲಿಸಿ ಇಳಿದು ಬಂದ. ಇನ್ನೊಬ್ಬನನ್ನೂ ಕರೆದ. ಇಬ್ಬರೂ ಸೇರಿ ಕಾರನ್ನು ತಳ್ಳಿ ಸೇತುವೆಯ ಆಚೆ ತುದಿಯವರೆಗೆ ತಂದು ರಸ್ತೆಯ ಬದಿಗೆ ಹಚ್ಚಿದರು. ಆರೂಮುಕ್ಕಾಲು. ಅಣ್ಣ ಒಂದೊಂದು ಉಸಿರಿಗೂ ಹೆಗಲು ಎತ್ತುತ್ತಿದ್ದ. ನಮ್ಮನ್ನು ಕೂರಿಸಿಕೊಂಡು ಹೋಗಲು ಯಾರಾದರೂ ಸಿಕ್ಕಾರೇ ಎಂದು ಹಿಂದೆ ಮುಂದೆ ನೋಡಿದೆ. ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಬಿದ್ದವರು ಯಾರೂ ಈಚೆ ಬರುವಂತಿರಲಿಲ್ಲ.

ಫೋನಿನಲ್ಲಿ ಮೇಸ್ತ್ರಿಯ ನಂಬರು ಇತ್ತು. ನಾನು ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಒಂದು ನಿಮಿಷವೂ ಇರಲಿಕ್ಕಿಲ್ಲ. ಆದರೆ ನಿಂತೆ, ಅದು ನಿಜ.

"ಯಾರ್ರಿ?"

"ನಾನ್ರಿ ಮೇಸ್ತ್ರಿ, ಶಿರಗುಪ್ಪಿಯಿಂದ..."

"ಗೊತ್ತಾತು." ಆಮೇಲೆ ಅಣ್ಣನ ಬಗ್ಗೆ ಕೇಳಿದರು, "ಸಾವಕಾರ್ರು ಗಾಡ್ಯಾಗ ಅದಾರೇನು?"

"ಅದಾರ್ರಿ. ಅಂಕಲಿ ಸೇತುವಿ ಕಡೆ ನಿಂತೇವಿ. ಹೊತ್ತವಲ್ದು."

"ಬಾನೆಟ್ ತಗೀರಿ. ಸೆನ್ಸರಿನ ವಾಯರ್ ಮ್ಯಾಲ ಬಂದು ಒಂದ ಕರೇ ಸಾಕೆಟ್ಟಿಗೆ ಕೂಡ್ಯಾವ, ನಾಕ ವಾಯರಿಂದು. ಕಾಣತೈತಿ?"

"ಕಾಣತೈತಿ."

"ಲಾಕ್ ಒತ್ತಿ ಎಳೀರಿ. ಕೊಳವೀಗೆ ಕೈ ತಾಕಸಬ್ಯಾಡ್ರಿ, ಸುಡತೈತಿ."

ಅವರು ಹೇಳಿದ್ದು ಕೇಳುವ ಮೊದಲೇ ನಾನು ಕೈ ತಾಕಿಸಿದ್ದೆ. ಬೆರಳಿನ ಮೇಲಿನ ಗುರುತು ಈಗಲೂ ಇದೆ. ಸಾಕೆಟ್ಟು ಬಿಡಿಸಿದೆ.

"ಈಗ ಸೆನ್ಸರ್ ಸುಳ್ಳ ಹೇಳಾಕ ಬರೂದಿಲ್ಲ. ಕಂಪ್ಯೂಟರ್ ತನ್ನ ಲೆಕ್ಕದಾಗ ನಡೀತೈತಿ. ಆಕ್ಸಲರೇಟರ್ ಪೂರಾ ಒತ್ತಿ ಸ್ಟಾರ್ಟರ್ ಹೊಡೀರಿ, ಹೆಚ್ಚಾದ ಪೆಟ್ರೋಲ್ ಹೊರಗ ಹೋಗಲಿ. ಕರೇ ಹೊಗಿ ಬರತೈತಿ. ಬರಲಿ. ನಡೀರಿ."

ಹೊತ್ತಿತು. ಒರಟಾಗಿ, ಆದರೆ ಒಂದೇ ಸಮನೆ. ಮುಳ್ಳು ಎಲ್ಲಿರಬೇಕೋ ಅದಕ್ಕಿಂತ ಸ್ವಲ್ಪ ಮೇಲೆ ನಿಂತಿತು. ಅವರು ಫೋನು ಇಟ್ಟಿದ್ದರು. ನಾವು ಆಸ್ಪತ್ರೆ ತಲುಪಿದಾಗ ಏಳೂ ಇಪ್ಪತ್ತೈದು. ನರ್ಸಮ್ಮ ಮಷೀನಿನ ಹಾಸಿಗೆಗೆ ಬೇರೊಬ್ಬರ ಫೈಲನ್ನು ತಂದಿಟ್ಟಿದ್ದಳು. ಅಣ್ಣನನ್ನು ನೋಡಿ ಅದನ್ನು ತೆಗೆದಳು. "ಇನ್ನ ಐದ ಮಿನಿಟ್ ನೋಡಿ ಬಿಡಾವ್ಳಿದ್ದೆ ನೋಡ್ರಿ ಕಾಕಾ" ಎಂದು ಅವನ ಎಡಗೈಯನ್ನು ದಿಂಬಿನ ಮೇಲಿಟ್ಟಳು.

ಹೊರಗೆ ಕಾರಿನಲ್ಲಿ ಬಂದು ಕೂತೆ. ಸುಟ್ಟ ಬೆರಳಿಗೆ ಸುತ್ತಲು ಏನಾದರೂ ಸಿಕ್ಕೀತೆಂದು ಡ್ಯಾಶ್‌ಬೋರ್ಡಿನ ಖಾನೆ ತೆರೆದರೆ ಹಳೇ ಪೇಪರಿನ ಪೊಟ್ಟಣ ಉರುಳಿ ಬಿತ್ತು. ಮೊದಲನೆಯ ಸೆನ್ಸರು. ಆ ತನಕ ಬಿಚ್ಚಿಯೇ ಇರಲಿಲ್ಲ.

ಬಿಚ್ಚಿದೆ. ತುದಿಯ ಮೇಲೆ ಅದೇ ಬಿಳಿ ಬೂದಿ.

ಇದು ಸತ್ತದ್ದು ಪೇಸ್ಟು ಹಚ್ಚುವ ಮೊದಲು. ಮೇಸ್ತ್ರಿ ನಮ್ಮ ಕಾರನ್ನು ಮುಟ್ಟುವ ಮೊದಲೇ. ಸಿಲಿಕಾನ್ ಎಂದದ್ದು ಸರಿಯಿತ್ತು. ಎಲ್ಲಿಂದ ಬಂತು ಎಂದದ್ದು ತಪ್ಪಾಗಿತ್ತು. ತಪ್ಪೆಂದು ತೋರಿಸುವ ಪುರಾವೆಯನ್ನು ಆ ಮನುಷ್ಯ ತನ್ನ ಪದ್ಧತಿಯಂತೆ ನನ್ನ ಕೈಗೇ ಕೊಟ್ಟಿದ್ದರು. ಪರೀಕ್ಷೆಯಲ್ಲಿ ಹೀಗೆ ಬರೆದವನಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಗ್ಯಾರೇಜು ನಡೆದು ಹೋಗುವಷ್ಟು ಹತ್ತಿರ. ಅವತ್ತು ಹೋಗಲಿಲ್ಲ.

ಮರಳಿ ಬರುವಾಗ ಅಣ್ಣ ಕಣ್ಣು ಮುಚ್ಚಿದ್ದ. ಪಾದದ ಬಾವು ಇಳಿದಿತ್ತು. ನಾನು ಕೇಳಿದೆ, "ಅಣ್ಣಾ, ಕಾರಿಗೆ ಯಾವಾಗರ ಪಂಪ್ ಬಿಟ್ಟು ಬ್ಯಾರೆ ಎಲ್ಲಿಂದರ ಪೆಟ್ರೋಲ್ ಹಾಕಿದ್ದೇವೇನು?"

"ಶೆಡ್ಡಿನ ಕ್ಯಾನಿನ್ಯಾಗಿಂದು ಹಾಕ್ತಿದ್ದಿ ಅಲ್ಲ" ಎಂದ ಕಣ್ಣು ತೆರೆಯದೆ.

ಕೂಡಲೇ ನೆನಪಾಯಿತು. ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿನ ಇಂಜಿನ್ನಿಗೆಂದು ಶೆಡ್ಡಿನಲ್ಲಿ ಯಾವಾಗಲೂ ಒಂದು ಬಿಳಿ ಕ್ಯಾನಿನಲ್ಲಿ ಪೆಟ್ರೋಲು ಇಟ್ಟಿರುತ್ತೇವೆ. ಬೆಳಿಗ್ಗೆ ಹೊರಡುವಾಗ ಕಾರಿನ ಟ್ಯಾಂಕಿನ ಮುಳ್ಳು ಕೆಳಗಿದ್ದರೆ, ದಾರಿಯಲ್ಲಿ ಟ್ರ್ಯಾಕ್ಟರುಗಳ ನಡುವೆ ಪಂಪಿಗೆ ನಿಲ್ಲುವುದು ಬೇಡವೆಂದು ಅದರಿಂದ ಸುರಿಯುವುದಿತ್ತು. ಆ ದೃಶ್ಯ ಕಣ್ಣೆದುರಿಗೆ ಬಂತು: ಟ್ಯಾಂಕಿನ ಬಾಯಿಗೆ ನೀರಿನ ಬಾಟಲಿ ಕತ್ತರಿಸಿ ಮಾಡಿದ ಆಲಿಕೆ, ಹೆಗಲ ಮೇಲೆ ಟವೆಲು, ಎರಡೂ ಕೈಯಲ್ಲಿ ಕ್ಯಾನು ಎತ್ತಿ ಹಿಡಿದು ಸುರಿಯುತ್ತಿರುವ ಅಣ್ಣ.

"ನಾ ಅಲ್ಲ, ನೀ ಹಾಕ್ತಿದ್ದಿ" ಎಂದೆ. "ನಾ ಕಣ್ಣಾರೆ ನೋಡೀನಿ."

"ನಾನ?"

"ಹೂಂ. ಹೆಗಲ ಮ್ಯಾಲ ಟವೆಲ್ ಹಾಕ್ಕೊಂಡು. ಎರಡೂ ಕೈಲೆ ಹಿಡದು."

ಅಣ್ಣ ಕಣ್ಣು ತೆರೆದ. ಎಡಗೈಯನ್ನು ನನ್ನ ಮುಂದೆ, ಸ್ಟೇರಿಂಗಿನ ಹತ್ತಿರ ಚಾಚಿದ. ಮೊಣಕೈಯ ಕೆಳಗೆ ಶಸ್ತ್ರಕ್ರಿಯೆ ಮಾಡಿ ರಕ್ತನಾಳ ಜೋಡಿಸಿದ ಜಾಗ ಹಗ್ಗದಂತೆ ಉಬ್ಬಿತ್ತು. ಡಯಾಲಿಸಿಸಿನ ಸೂಜಿಗಾಗಿ ಮಾಡಿದ್ದು ಅದು. ಆ ಕೈಯಿಂದ ತುಂಬಿದ ಕೊಡವನ್ನೂ ಎತ್ತಬಾರದೆಂದು ಅವತ್ತೇ ಡಾಕ್ಟರು ಹೇಳಿದ್ದರು. ಅವನು ಅದನ್ನು ಎಷ್ಟು ಪಾಲಿಸುತ್ತಾನೆಂದರೆ ಊಟದ ತಾಟನ್ನೂ ಬಲಗೈಯಿಂದಲೇ ಸರಿಸುತ್ತಾನೆ.

"ಇದು ಮಳಿಗಾಲದಾಗ ಆತು" ಎಂದ. "ಆ ಕ್ಯಾನಿನ್ಯಾಗಿನ ಔಷಧ ಖಾಲಿ ಆಗಿದ್ದು ಬಳ್ಳಿ ಸವರಿದ ಮ್ಯಾಲ, ದೀಪಾವಳಿ ಮುಂದ, ಪೆಟ್ರೋಲ್ ತುಂಬಿದ್ದು ಆಮ್ಯಾಲ. ಈಗ ಹೇಳು, ಸಂಖ್ಯಾಶಾಸ್ತ್ರ."

ಕಾರು ಓಡಿಸುತ್ತ ಆ ದೃಶ್ಯವನ್ನು ಮತ್ತೆ ಮತ್ತೆ ತಂದು ನೋಡಿದೆ. ಪ್ರತಿ ಸಲವೂ ಅಣ್ಣನೇ ಇದ್ದ. ಎರಡೂ ಕೈ ಇದ್ದವು. ಟವೆಲಿನ ಅಂಚಿನ ಹಸಿರು ಗೆರೆ ಕೂಡ ಇತ್ತು. ಸುಳ್ಳು ಇಷ್ಟು ಸ್ಪಷ್ಟವಾಗಿ ಕಾಣಬಾರದು ಎನಿಸಿತು.

ಮನೆಗೆ ಬಂದು ವೈನಿಯನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತ ತಲೆಯೆತ್ತದೆ ಹೇಳಿದಳು, "ದವಾಖಾನಿ ದಿನಾ ನಿಮ್ಮ ಅಂಗಿ ಪೆಟ್ರೋಲ್ ನಾರತಿತ್ತಲ್ರಿ. ಬ್ಯಾರೆ ಹಾಕಿ ಒಗೀಬೇಕಾಗತಿತ್ತು. ಮರತ್ರೇನು?"

ಮೂವರೂ ಶೆಡ್ಡಿಗೆ ಹೋದೆವು. ಐದು ಲೀಟರಿನ ದಪ್ಪ ಬಿಳಿ ಕ್ಯಾನು. ಅರ್ಧ ಕಿತ್ತ ಚೀಟಿ. ಅದರಲ್ಲಿ ಮೊದಲು ಇದ್ದುದು ಸ್ಪ್ರೆಡರ್. ದ್ರಾಕ್ಷಿಯ ಔಷಧದಲ್ಲಿ ಒಂದಿಷ್ಟು ಬೆರೆಸಿದರೆ ಹನಿಗಳು ಎಲೆಯ ಮೇಲೆ ಗುಂಡಗೆ ನಿಲ್ಲದೆ ತೆಳ್ಳಗೆ ಹರಡಿಕೊಳ್ಳುತ್ತವೆ. ನಮ್ಮ ಭಾಗದ ದ್ರಾಕ್ಷಿ ತೋಟದವರು ಇಂಥ ಕ್ಯಾನು ಖಾಲಿಯಾದರೆ ಎಸೆಯುವುದಿಲ್ಲ. ಗಟ್ಟಿ, ಮುಚ್ಚಳ ಬಿಗಿ, ಸೋರುವುದಿಲ್ಲ. ಎರಡು ಸಲ ನೀರು ಹಾಕಿ ಗಲಬರಿಸಿ ಪೆಟ್ರೋಲಿಗೆ ಇಟ್ಟುಕೊಳ್ಳುತ್ತೇವೆ. ಔಷಧ ಹೊಡೆಯುವ ಪಂಪಿನ ಇಂಜಿನ್ನಿಗೆ ಸೆನ್ಸರು ಇಲ್ಲ. ಅದು ಎಂಥ ಪೆಟ್ರೋಲು ಕುಡಿದರೂ ಓಡುತ್ತದೆ. ಹಾಗಾಗಿ ಯಾರಿಗೂ ಏನೂ ತಿಳಿದಿರಲಿಲ್ಲ. ಚೀಟಿಯಲ್ಲಿ ಉಳಿದ ಅರ್ಧ ಅಕ್ಷರಗಳನ್ನು ಓದಿದೆ. ಸಿಲಿಕಾನ್ ಎಂದೇ ಬರೆದಿತ್ತು.

"ಅದು ತೊಳದು ಹೋಗಿರತೈತಿ" ಎಂದೆ. ಇನ್ನೂ ಒಂದು ಬಾಗಿಲು ತೆರೆದಿದೆ ಎಂಬ ಆಸೆ.

ಅಣ್ಣ ಬಲಗೈಯಿಂದ ಎರಡು ದ್ರಾಕ್ಷಿ ಎಲೆ ಕಿತ್ತ. ಕ್ಯಾನಿನಲ್ಲಿ ಉಳಿದ ಪೆಟ್ರೋಲನ್ನು ನನ್ನಿಂದ ಬೇರೆ ಡಬ್ಬಿಗೆ ಸುರಿಸಿದ. ಒಳಗೆ ಒಂದು ಲೋಟ ನೀರು ಹಾಕಿ ಅಲುಗಾಡಿಸಲು ಹೇಳಿದ. ಮೊದಲ ಎಲೆಯ ಮೇಲೆ ನಳದ ನೀರಿನ ಒಂದು ಹನಿ ಬಿಟ್ಟ. ಅದು ಮುತ್ತಿನ ಹಾಗೆ ಗುಂಡಗೆ ನಿಂತಿತು. ಎರಡನೆಯದರ ಮೇಲೆ ಕ್ಯಾನಿನ ನೀರಿನ ಹನಿ ಬಿಟ್ಟ. ಅದು ಬಿದ್ದ ಕೂಡಲೇ ಚಪ್ಪಟೆಯಾಗಿ ಎಲೆಯ ತುಂಬ ಹರಡಿತು.

"ಪಾಸೋ ಫೇಲೋ?" ಎಂದ.

ಇದಷ್ಟೇ ಪೂರ್ತಿ ಪುರಾವೆಯಲ್ಲ ಎಂದು ನನಗೆ ಗೊತ್ತು. ಆದರೆ ಎರಡು ಸೆನ್ಸರು, ಎರಡರ ಮೇಲೂ ಒಂದೇ ಬೂದಿ, ನಡುವೆ ಈ ಕ್ಯಾನು. ಬೇರೆ ಯಾವ ಕಾರಣವನ್ನು ತಂದು ನಿಲ್ಲಿಸಿದರೂ ಅದು ಇದರಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ.

ಶುಕ್ರವಾರ ಸೆನ್ಸರಿನ ಸಾಕೆಟ್ಟು ಬಿಚ್ಚಿಕೊಂಡೇ, ಕರಿ ಹೊಗೆ ಬಿಡುತ್ತ ಚಿಕ್ಕೋಡಿಗೆ ಹೋದೆವು. ಅಣ್ಣ ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತು ಕೇಳಿದ, "ಗ್ಯಾರೇಜಿಗೆ ಹೋಗಾಂವ ಹೌದಲ್ಲ?"

"ಹೌದು."

"ನಾನ ಹಾಕೀನಿ ಅಂತ ಹೇಳಬೇಕಂದ್ರ ಹೇಳು. ನಾ ಏನ ಅನ್ನೂದಿಲ್ಲ. ಆದ್ರ ಗಾಡಿ ರಿಪೇರಿ ಆಗಬೇಕು, ಮುಂದಿನ ಮಂಗಳವಾರ ಸೇತುವಿ ಮ್ಯಾಲ ನಾ ಮತ್ತ ನಿಲ್ಲೂದಿಲ್ಲ ನೋಡು." ನಗುತ್ತಲೇ ಹೇಳಿದ. ಕಣ್ಣು ನಗುತ್ತಿರಲಿಲ್ಲ.

ಗ್ಯಾರೇಜಿನಲ್ಲಿ ಅದೇ ಚಹಾದಂಗಡಿಯವನು, ಅದೇ ರಿಕ್ಷಾದವನು. ನಾನು ಕ್ಯಾನನ್ನೂ ಮೊದಲ ಸೆನ್ಸರನ್ನೂ ಮೇಸ್ತ್ರಿಯ ಬೆಂಚಿನ ಮೇಲಿಟ್ಟೆ. ಅವರು ಸೆನ್ಸರಿನ ತುದಿ ನೋಡಿದರು. ಕ್ಯಾನಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ಹೆಬ್ಬೆರಳಿಗೆ ಉಜ್ಜಿದರು.

"ಜಾರತೈತಿ. ಏನಿತ್ತು ಇದರಾಗ?"

"ದ್ರಾಕ್ಷಿಗೆ ಹಾಕೂ ಸ್ಪ್ರೆಡರ್. ಸಿಲಿಕಾನ್."

"ಇದರಾಗಿಂದ ಪೆಟ್ರೋಲ್ ಹಾಕಿದ್ರು?"

"ಹೌದ್ರಿ."

"ಯಾರು?"

ಆ ಹೊತ್ತಿನಲ್ಲೂ ಕಣ್ಣೆದುರಿಗೆ ಬಂದವನು ಅಣ್ಣನೇ. ಟವೆಲು, ಹಸಿರು ಗೆರೆ, ಎರಡು ಕೈ. ಕಂಡದ್ದನ್ನು ಹೇಳುವುದಾದರೆ ಅವನ ಹೆಸರು ಹೇಳಬೇಕಿತ್ತು.

"ನಾನ್ರಿ" ಎಂದೆ. "ನನಗ ನೆನಪಿಲ್ಲ. ಆದ್ರ ಹಾಕಿದಾಂವ ನಾನ. ನಿಮ್ಮ ಪೇಸ್ಟಿನ ತಪ್ಪಿಲ್ಲ. ಅವತ್ತ ಇವರ ಮುಂದ ಹಂಗ ಅಂದಿದ್ದು ನಂದ ತಪ್ಪ."

ರಿಕ್ಷಾದವನಿಗೆ ಸಮಾಧಾನವಾಗಲಿಲ್ಲ. "ನೆನಪ ಇಲ್ಲಂತೀರಿ, ಹಾಕೀನಂತೀರಿ. ಹೆಂಗ ಗೊತ್ತಾತ್ರಿ ಮಾಸ್ತರ್ರ?"

ನನ್ನದೇ ಪ್ರಶ್ನೆ ಅದು. "ನಮ್ಮ ಅಣ್ಣನ ಕೈ ನೋಡಿ ಗೊತ್ತಾತು" ಎಂದೆ. ಅವನು ಮೇಸ್ತ್ರಿಯ ಕಡೆ ನೋಡಿ ಹುಬ್ಬು ಹಾರಿಸಿದ.

ಮೇಸ್ತ್ರಿ ಬಟ್ಟೆಯಿಂದ ಬೆರಳು ಒರೆಸಿಕೊಂಡರು. "ಪೇಸ್ಟಿನ ಮಾತು ಇನ್ನೊಮ್ಮೆ ಹೇಳ್ರಿ, ಜ್ವಾರಲೆ. ಚಹಾದಾಂವಗ ಕಿವಿ ಮಂದ ಐತಿ."

ಜೋರಾಗಿ ಹೇಳಿದೆ. ಚಹಾದಂಗಡಿಯವನು, "ನನಗ ಮೊದಲ ಸಲಾನ ಕೇಳಿತ್ರಿ" ಎಂದ. ಆಗ ಮೇಸ್ತ್ರಿ ನಕ್ಕರು. ನಿಪ್ಪಾಣಿಗೆ ಫೋನು ಹಚ್ಚಿ ಸೆನ್ಸರು ಕೇಳಿದರು. ಬಸ್ಸಿನಲ್ಲಿ ಅದು ಬರುವಷ್ಟರಲ್ಲಿ ಟ್ಯಾಂಕು ಇಳಿಸಿ ಇದ್ದ ಪೆಟ್ರೋಲನ್ನೆಲ್ಲ ಹೊರಗೆ ಚೆಲ್ಲದೆ ಬೇರೆ ಮಾಡಿ ತೊಳೆದರು. ಮಧ್ಯಾಹ್ನ ಹೊಸದನ್ನು ಕೂರಿಸಿ, ಬಿಚ್ಚಿದ್ದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಈ ಸಲ ಅವರೆದುರಿಗೇ ಬಿಚ್ಚಿ ನೋಡಿದೆ. ಕ್ಯಾನನ್ನು ಮಾತ್ರ ಕೊಡಲಿಲ್ಲ. "ಇದು ಇಲ್ಲೇ ಇರಲಿ. ನಿಮ್ಮ ಕಡೆ ದ್ರಾಕ್ಷಿ ತ್ವಾಟದಾವ್ರು ಇನ್ನ ನಾಕ ಮಂದಿ ಬರತಾರ. ನಾ ಹೇಳಿದ್ರ ನಂಬೂದಿಲ್ಲ, ಅವರಿಗೂ ತೋರಸಬೇಕು." ಮೇಲಿನ ಹಲಗೆಯ ಮೇಲೆ, ಹಳೇ ಪ್ಲಗ್ಗುಗಳ ಡಬ್ಬಿಯ ಪಕ್ಕ ಅದನ್ನಿಟ್ಟರು.

ಮರಳುವಾಗ ಸೇತುವೆಯ ಮೇಲೆ ಮತ್ತೆ ಸಾಲು. ಖಾಲಿ ಟ್ರೇಲರುಗಳು ನಮ್ಮ ಮುಂದೆ, ತುಂಬಿದವು ಎದುರಿಗೆ. ನಾನು ಆಕ್ಸಲರೇಟರಿನಿಂದ ಕಾಲು ಪೂರ್ತಿ ತೆಗೆದು ಕಾಯ್ದೆ. ಮುಳ್ಳು ಇಳಿದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಮೂರು ವಾರ ಚೆನ್ನಾಗಿದ್ದು ನಾಲ್ಕನೆಯ ವಾರ ಕೈಕೊಟ್ಟದ್ದು ಮರೆತಿರಲಿಲ್ಲ. ಆದ್ದರಿಂದ ಅದನ್ನೇ ನೋಡುತ್ತಿದ್ದೆ. ಸಾಲು ಜರುಗಿದ್ದೂ ಗೊತ್ತಾಗಲಿಲ್ಲ. ಹಿಂದಿನಿಂದ ಹಾರ್ನು ಬಂತು.

"ಮುಂದ ನೋಡು ಲೇ" ಎಂದ ಅಣ್ಣ, ಎಡಗೈಯ ಪಟ್ಟಿಯ ಮೇಲೆ ಬಲಗೈ ಇಟ್ಟುಕೊಂಡು. "ಮುಳ್ಳ ನಾ ನೋಡತೇನಿ."